ಉತ್ತರ ಸೇರಿಸಿ ಕೇಳಿದ ಪ್ರಶ್ನೆಗಳು

ನಾನು ಶಾಲೆ ಬಿಟ್ಟದ್ದು ಐದನೇ ಕ್ಲಾಸಿನಲ್ಲಿ. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ, ಅದಕ್ಕಾಗಿ ತಲೆ ತಗ್ಗಿಸಿದ್ದೂ ಇಲ್ಲ. ಪುತ್ತೂರಿನ ಮರದ ಡಿಪೋದಲ್ಲಿ ಹಲಗೆ ಹೊತ್ತೆ, ಮಂಗಳೂರಿನ ಬಂದರಿನಲ್ಲಿ ಮೂಟೆ ಹೊತ್ತೆ, ಆಮೇಲೆ ಸೌದಿಗೆ ಬಂದು ಅಲ್ ಅಹ್ಸಾದ ಖರ್ಜೂರದ ತೋಟದಲ್ಲಿ ಮೂರು ವರ್ಷ ಮಣ್ಣು ಕೆಲಸ ಮಾಡಿದೆ. ಆ ಮೂರು ವರ್ಷದಲ್ಲಿ ಕಲಿತದ್ದು ಪುಸ್ತಕದ ಅರಬಿ ಅಲ್ಲ. ತೋಟದ ಮುದುಕರು ಚಾ ಕುಡಿಯುತ್ತಾ, ಕತ್ತೆಗೆ ಬೈಯುತ್ತಾ, ಮಕ್ಕಳ ಮೇಲೆ ದೂರು ಹೇಳುತ್ತಾ ಆಡುವ ಅರಬಿ. ಅದೇ ಮುಂದೆ ನನಗೆ ಅನ್ನ ಹಾಕಿತು. ಎಂಬತ್ತರ ದಶಕದ ನಡುವಿನಲ್ಲಿ ಅಲ್ಲಿಯದೇ ಪೇಟೆ ಹೊಫೂಫಿನ ಒಂದು ಸಣ್ಣ ಆಸ್ಪತ್ರೆಗೆ ಸೇರಿದೆ. ಇಕಾಮಾದಲ್ಲಿ, ಅಂದರೆ ಆ ದೇಶದಲ್ಲಿ ಇರಲು ಕೊಡುವ ಪರವಾನಗಿಯಲ್ಲಿ, ನನ್ನ ಉದ್ಯೋಗ ‘ಕೂಲಿ’ ಎಂದೇ ಬರೆದಿತ್ತು. ಕೆಲಸ ಸ್ಟ್ರೆಚರ್ ತಳ್ಳುವುದು. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ನಾನು ದುಭಾಷಿಯಾಗಿ ಡಾಕ್ಟರ ಪಕ್ಕದ ಕುರ್ಚಿಗೆ ಬಂದಿದ್ದೆ.

ಡಾಕ್ಟರು ನಮ್ಮ ಮಂಗಳೂರಿನವರೇ, ಮನೆಮಾತು ಕೊಂಕಣಿ. ನನ್ನೊಡನೆ ತುಳು ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಅವರಿಗೆ ಬರುತ್ತಿದ್ದ ಅರಬಿ ‘ಬಾಯಿ ತೆರೆ’, ‘ನೋವು ಎಲ್ಲಿ’, ‘ಯಲ್ಲಾ, ಮುಂದಿನವರು’ ಇಷ್ಟಕ್ಕೆ ಮುಗಿಯುತ್ತಿತ್ತು. ಹೊಟ್ಟೆನೋವಿಗೆ ಅಷ್ಟು ಸಾಕು, ಮರೆವಿನ ರೋಗಕ್ಕೆ ಸಾಲದು. ಅಲ್ಲಿ ಮಾತೇ ಸ್ಟೆಥಾಸ್ಕೋಪು.

ಆ ವರ್ಷ ಅವರಿಗೆ ಒಂದು ಕುತೂಹಲ ಹತ್ತಿತ್ತು. ವಯಸ್ಸಾದವರ ತಲೆ ಎಷ್ಟು ಚುರುಕಾಗಿದೆ ಎಂದು ನೋಡಲು ಅವರ ಹತ್ತಿರ ಮೂರು ಪರೀಕ್ಷೆಗಳಿದ್ದವು. ಮೊದಲನೆಯದು ಮೂವತ್ತು ಅಂಕದ್ದು: ವಾರ, ತಿಂಗಳು, ಊರು, ಮೂರು ವಸ್ತುಗಳ ಹೆಸರನ್ನು ನೆನಪಿಟ್ಟು ಸ್ವಲ್ಪ ಹೊತ್ತಿನ ಮೇಲೆ ಹೇಳುವುದು, ಲೆಕ್ಕ, ಕೊನೆಗೆ ಒಂದು ಚಿತ್ರ ನೋಡಿ ಬರೆಯುವುದು. ಎರಡನೆಯದು ಹತ್ತೇ ಅಂಕದ್ದು, ಬೇಗ ಮುಗಿಯುತ್ತದೆ. ಮೂರನೆಯದರಲ್ಲಿ ಪ್ರಶ್ನೆಯೇ ಇಲ್ಲ. ಖಾಲಿ ಹಾಳೆ ಕೊಟ್ಟು ಗಡಿಯಾರದ ಚಿತ್ರ ಬರೆಯಲು ಹೇಳುವುದು, ಮುಳ್ಳು ಇಂಥ ಹೊತ್ತಿಗೆ ಇಡಿ ಎನ್ನುವುದು. ಹೊರಗೆ ಬೆಂಚಿನ ತುಂಬ ಜನ ಕಾದಿರುವಾಗ ಯಾವುದು ಸಾಕು, ಯಾವುದನ್ನು ನಂಬಬಹುದು ಎಂದು ತಿಳಿಯಲು ಅವರು ಒಬ್ಬೊಬ್ಬ ಮುದುಕರಿಗೂ ಮೂರನ್ನೂ ಮಾಡಿಸಿ, ಉದ್ದ ಪುಸ್ತಕದಲ್ಲಿ ಪಕ್ಕಪಕ್ಕ ಬರೆದಿಡುತ್ತಿದ್ದರು.

ಇದೆಂತ ಪರೀಕ್ಷೆ ಎಂದು ನಾನೂ ಒಂದು ಹಾಳೆಯನ್ನು ರೂಮಿಗೆ ಒಯ್ದು ಗುಟ್ಟಾಗಿ ಕೂತು ನೋಡಿದೆ. ನೂರರಿಂದ ಏಳೇಳು ಕಳೆಯಬೇಕು. ಮರದ ಡಿಪೋದವನಿಗೆ ಅದೆಂತ ಕಷ್ಟ, ಹಲ್ಲುಜ್ಜುವಷ್ಟರಲ್ಲಿ ಎರಡರ ತನಕ ಇಳಿದೆ. ಆದರೆ ಇನ್ನೊಂದು ಕಡೆ ಒಂದು ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದಿನಿಂದ ಹೇಳಬೇಕು ಎಂದಿತ್ತು. ನನಗೆ ಅದು ಮುಂದಿನಿಂದಲೇ ಬಾರದು! ಮರುದಿನ ಡಾಕ್ಟರಿಗೆ ಹೇಳಿದೆ: “ಡಾಕ್ಟ್ರೇ, ನಿಮ್ಮ ಕಾಗದದ ಪ್ರಕಾರ ನನಗೂ ಸ್ವಲ್ಪ ಮರೆವಿನ ರೋಗ ಉಂಟು.”

ಅವರು ಬಿದ್ದುಬಿದ್ದು ನಕ್ಕರು. ಆಮೇಲೆ ನಗು ನಿಲ್ಲಿಸಿ ಪೆನ್ನು ತೆಗೆದು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಅವರ ಆ ಗುಣ ನನಗೆ ಇಷ್ಟವಾಗಿತ್ತು. ಯಾರ ಬಾಯಿಂದ ಬಂದರೂ ಸರಿ, ಯೋಚಿಸತಕ್ಕ ಮಾತಾದರೆ ಬರೆದುಕೊಳ್ಳುತ್ತಿದ್ದರು.

ಚಳಿಗಾಲ ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ ಒಬ್ಬ ಮುದುಕರನ್ನು ಅವರ ಮಗ ಕರೆದುಕೊಂಡು ಬಂದ. ನೋಡಿದ ಕೂಡಲೇ ನಾನು ಎದ್ದು ನಿಂತೆ. ನಾನು ಮಣ್ಣು ಕೆಲಸ ಮಾಡಿದ ತೋಟದ ಪಕ್ಕದ ತೋಟ ಅವರದು. ಹಜ್ ಯಾತ್ರೆ ಮಾಡಿ ಬಂದವರಾದ್ದರಿಂದ ನಾವೆಲ್ಲ ಹಜ್ಜಿ ಎಂದೇ ಕರೆಯುತ್ತಿದ್ದೆವು. ಅವರು ನನ್ನನ್ನು ‘ಯಾ ಹಿಂದಿ’ ಎನ್ನುತ್ತಿದ್ದರು; ಅಲ್ಲಿ ನಮ್ಮ ಭಾರತದವರಿಗೆಲ್ಲ ಅದೇ ಹೆಸರು. ಎಪ್ಪತ್ತು ದಾಟಿದ್ದರೂ ತಮ್ಮ ಮರಗಳನ್ನು ತಾವೇ ಹತ್ತುವವರು. ನಮ್ಮ ಊರಿನಲ್ಲಿ ಕಾಲಿಗೆ ಹಗ್ಗದ ತಳೆ ಹಾಕಿ ಹತ್ತುತ್ತಾರೆ. ಅಲ್ಲಿ ಹಾಗಲ್ಲ. ಬೆನ್ನಿಗೆ ನೇಯ್ದ ಅಗಲ ಪಟ್ಟಿ, ಪಟ್ಟಿಯ ಒಂದು ಬದಿಯಲ್ಲಿ ಹಗ್ಗ, ಇನ್ನೊಂದು ಬದಿಯಲ್ಲಿ ಕುಣಿಕೆ. ಹಗ್ಗವನ್ನು ಮರಕ್ಕೆ ಸುತ್ತಿ ತಂದು ಕುಣಿಕೆಗೆ ಸಿಕ್ಕಿಸಿ, ಹಿಂದಕ್ಕೆ ವಾಲಿ, ಹೆಜ್ಜೆ ಹೆಜ್ಜೆ ಮೇಲಕ್ಕೆ. ಇಡೀ ಮೈಭಾರ ಆ ಒಂದು ಕುಣಿಕೆಯ ಮೇಲೆ.

ಮಗ ಡಾಕ್ಟರ ಮುಂದೆ ಕೂತು ಸಣ್ಣ ದನಿಯಲ್ಲಿ ಹೇಳಿದ, ನಾನು ಕನ್ನಡಕ್ಕೆ ತಂದೆ: ಇನ್ನು ಎರಡು ವಾರದಲ್ಲಿ ಹೂವಿನ ಕಾಲ ಶುರು. ಗಂಡು ಮರದ ಹೂವನ್ನು ಒಯ್ದು ಪ್ರತಿಯೊಂದು ಹೆಣ್ಣು ಮರಕ್ಕೂ ಕೈಯಾರೆ ಸಿಕ್ಕಿಸಬೇಕು, ಇಲ್ಲದಿದ್ದರೆ ಕಾಯಿ ಕಟ್ಟುವುದಿಲ್ಲ. ಅಪ್ಪ ಹತ್ತುತ್ತಾನೆ. ಆದರೆ ಮೊನ್ನೆ ಖಾಲಿ ಲೋಟ ಕೊಟ್ಟು, ಕಾಫಿ ಬಗ್ಗಿಸಿದ್ದೇನೆಂದು ಹೇಳಿ ಅತಿಥಿಗೆ ಕುಡಿ ಕುಡಿ ಎಂದ. ದಿನಾ ಹೋಗುವ ಮಸೀದಿಯಿಂದ ವಾಪಸು ಬರುವಾಗ ಬೇರೆಯವರ ಬಾಗಿಲು ತಟ್ಟಿದ. “ಮರ ಹತ್ತಬೇಡ ಎಂದು ನಾನು ಅಪ್ಪನಿಗೆ ಹೇಗೆ ಹೇಳಲಿ? ಡಾಕ್ಟರು ಹೇಳಲಿ, ಹತ್ತಬಹುದೋ ಬಾರದೋ.”

ಬಿದ್ದರೆ ಮೂವತ್ತು ಅಡಿ. ಹತ್ತಬೇಡ ಎಂದರೆ ಆ ಮನುಷ್ಯನ ಹತ್ತಿರ ಉಳಿಯುವುದು ಎಂತ? ಎರಡೂ ನನಗೆ ಗೊತ್ತಿತ್ತು.

ಪರೀಕ್ಷೆ ಶುರುವಾಯಿತು. ಡಾಕ್ಟರು ಕಾಗದ ನೋಡಿ ಕೇಳುವುದು, ನಾನು ಅರಬಿಯಲ್ಲಿ ಹೇಳುವುದು. ಹಜ್ಜಿ ಪಾದದ ತನಕ ಇಳಿಯುವ ಬಿಳಿ ತೋಬಿನ ಮೇಲೆ ಕಂದು ಕೋಟು ಹಾಕಿ, ಬೆತ್ತವನ್ನು ಮಂಡಿಗೆ ಒರಗಿಸಿ ಕೂತಿದ್ದರು. ಒಂದು ಗಂಟೆ ಹಿಡಿಯಬೇಕಾದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಮೂವತ್ತರಲ್ಲಿ ಇಪ್ಪತ್ತಾರು. ಹತ್ತರಲ್ಲಿ ಒಂಬತ್ತು. ನನಗೆ ನನ್ನ ಅಪ್ಪನೇ ಪಾಸಾದ ಹಾಗಾಯಿತು. ಆಮೇಲೆ ಗಡಿಯಾರ. ಹಜ್ಜಿ ಪೆನ್ಸಿಲನ್ನು ಕತ್ತಿ ಹಿಡಿದ ಹಾಗೆ ಹಿಡಿದು ಒಂದು ಉರುಟು ಎಳೆದರು. ಎರಡು ಗೀಟು ಹಾಕಿದರು, ಎರಡೂ ಉರುಟಿನ ಹೊರಗೆ. “ಸಾಕು,” ಎಂದು ಪೆನ್ಸಿಲ್ ಕೆಳಗಿಟ್ಟರು.

ಮಗನಿಗೆ ನಾಡಿದ್ದು ಬರಲು ಹೇಳಿ ಕಳಿಸಿ ಡಾಕ್ಟರು ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. ಅಂಕಿ ಓದಲು ನನಗೇನೂ ಕಷ್ಟವಿಲ್ಲ.

“ಇಲ್ಲಿ ನೋಡು ಮಾರಾಯ. ಎಡಗಡೆ ಪುಟದಲ್ಲಿ ನೀನು ಮಾತಾಡಿಸಿದವರು. ಬಲಗಡೆ ನಮ್ಮ ನರ್ಸಮ್ಮ ಮಾತಾಡಿಸಿದವರು.” ನರ್ಸಮ್ಮ ಸುಡಾನಿನವರು, ಅರಬಿಯೇ ಅವರ ಮಾತು. ನಾನು ರಜೆಯಲ್ಲಿದ್ದ ದಿನ ಅವರು ಕೂರುತ್ತಿದ್ದರು. “ಅವರ ಮುದುಕರು ಮಾತಿನ ಪರೀಕ್ಷೆಯಲ್ಲಿ ಕೆಳಗೆ ಇದ್ದರೆ ಗಡಿಯಾರದಲ್ಲೂ ಕೆಳಗೆ. ನಿನ್ನ ಮುದುಕರೆಲ್ಲ ಮಾತಿನಲ್ಲಿ ಪಾಸು, ಗಡಿಯಾರದಲ್ಲಿ ಫೇಲು. ಹೊಫೂಫಿನ ಗಟ್ಟಿ ತಲೆಯವರೆಲ್ಲ ನಿನ್ನ ಪಾಲಿಗೇ ಬರುವುದಾ ಸಾಹೇಬರೇ?”

ನನಗೆ ಸಿಟ್ಟು ಬಂತು. “ಹಜ್ಜಿ ಜನ್ಮದಲ್ಲಿ ಪೆನ್ಸಿಲ್ ಹಿಡಿದವರಲ್ಲ. ಅವರಿಗೆ ಗಡಿಯಾರ ಬರೆ ಎಂದರೆ ಹೇಗೆ? ನಿಮ್ಮನ್ನು ಮರ ಹತ್ತಿಸಿ ಅಂಕ ಹಾಕುವುದಾ?”

“ಅದು ಸರಿ. ಶಾಲೆಗೆ ಹೋಗದವರಿಗೆ ಗಡಿಯಾರ ಅನ್ಯಾಯವೇ. ಅದನ್ನು ಬರೆದುಕೊಳ್ಳುತ್ತೇನೆ,” ಎಂದು ನಿಜವಾಗಿಯೂ ಬರೆದರು. “ಆದರೆ ನರ್ಸಮ್ಮನ ಕಡೆಯೂ ಪೆನ್ಸಿಲ್ ಹಿಡಿಯದವರು ಇದ್ದಾರಲ್ಲ. ಅವರು ಮಾತಿನಲ್ಲಿ ಇಷ್ಟು ಎತ್ತರ ಹೋಗಲಿಲ್ಲ. ವಾರ ಯಾವುದು ಎಂದು ನೀನು ಹಜ್ಜಿಯ ಹತ್ತಿರ ಹೇಗೆ ಕೇಳಿದ್ದು? ಅದನ್ನೇ ಕನ್ನಡದಲ್ಲಿ ಹೇಳು.”

ಹೇಳಿದೆ: “‘ಹಜ್ಜಿ, ಇವತ್ತು ಸೋಮವಾರ ಅಲ್ಲವಾ?’”

ಡಾಕ್ಟರು ಪೆನ್ನನ್ನು ಪುಸ್ತಕದ ಮೇಲಿಟ್ಟರು.

ನಾನು ಸುಳ್ಳು ಹೇಳುವವನಲ್ಲ. ಮೋಸ ಮಾಡಿದೆ ಎಂದು ಆವತ್ತಿನ ತನಕ ನನಗೆ ಹೊಳೆದೇ ಇರಲಿಲ್ಲ. ಬಿಳಿ ಗಡ್ಡದ ಹಿರಿಯರ ಮುಂದೆ ಕೂತು, ‘ಇವತ್ತು ಯಾವ ವಾರ ಹೇಳಿ ನೋಡುವ’ ಎಂದು ಕೇಳುವುದು ನನ್ನ ಮಟ್ಟಿಗೆ ಮರ್ಯಾದೆಗೆಟ್ಟ ಮಾತು. ಮನೆಯಲ್ಲಿ ನಾವು ಹಾಗೆ ಕೇಳುವುದಿಲ್ಲ. ಹಿರಿಯರು ತಡವರಿಸಿದರೆ ಅವರ ಮಾತನ್ನು ನಾವು ತುದಿಗೆ ಮುಟ್ಟಿಸುತ್ತೇವೆ, ಅವರು ತಡವರಿಸಿದ್ದನ್ನು ಕಾಣದ ಹಾಗೆ ಇರುತ್ತೇವೆ. ಋತು ಕೇಳಿದಾಗ ‘ಹೂವಿನ ಕಾಲ ಹತ್ತಿರ ಬಂತಲ್ಲ ಹಜ್ಜಿ’ ಎಂದಿದ್ದೆ. ಮೂರು ವಸ್ತುಗಳಲ್ಲಿ ಕಾಫಿ ಕೂಜೆ ನೆನಪಾಗದಾಗ ನನ್ನ ಕೈ ತಾನಾಗಿ ಕಾಫಿ ಬಗ್ಗಿಸುವ ಹಾಗೆ ಬಾಗಿತ್ತು. ‘ಕೂಜೆ!’ ಎಂದಿದ್ದರು ಹಜ್ಜಿ. ಇಬ್ಬರೂ ನಕ್ಕಿದ್ದೆವು.

“ಹಾಗಾದರೆ ಆ ಇಪ್ಪತ್ತಾರು ಅಂಕ ಯಾರದ್ದು?” ಎಂದರು ಡಾಕ್ಟರು. ಬೈದದ್ದಲ್ಲ. ಅವರಿಗೆ ನಿಜವಾಗಿ ತಿಳಿಯಬೇಕಾಗಿತ್ತು.

ಎರಡು ದಿನ ಕಳೆದು ತಂದೆ ಮಗ ಪುನಃ ಬಂದರು. ಈ ಸಲ ನರ್ಸಮ್ಮ ಕೂತರು. ನನ್ನನ್ನು ಪರದೆಯ ಹಿಂದೆ, ರೋಗಿಗಳು ಮಲಗುವ ಮಂಚದ ಮೇಲೆ ಕೂರಿಸಿದರು. ಹಜ್ಜಿಗೆ ನಾನು ಕಾಣುವ ಹಾಗಿಲ್ಲ.

“ಇವತ್ತು ಯಾವ ವಾರ ಹಜ್ಜಿ?” ನರ್ಸಮ್ಮನ ದನಿ ಮೃದುವಾಗಿಯೇ ಇತ್ತು.

ಫ್ಯಾನು ತಿರುಗುವ ಸದ್ದು. ಹೊರಗೆ ಯಾರೋ ಕೆಮ್ಮಿದರು. ಬೆತ್ತದ ತುದಿ ನೆಲಕ್ಕೆ ಎರಡು ಸಲ ತಾಗಿತು. ಒಂದು ಪ್ರಶ್ನೆ ಕೇಳಿದ ಮೇಲೆ ಅಷ್ಟು ಹೊತ್ತು ಸುಮ್ಮನಿರಬಹುದು ಎಂದೇ ನನಗೆ ಗೊತ್ತಿರಲಿಲ್ಲ. ನನ್ನ ನಾಲಗೆ ಹಲ್ಲಿನ ಹಿಂದೆ ‘ಬುಧವಾರ, ಬುಧವಾರ’ ಎಂದು ಒದ್ದಾಡುತ್ತಿತ್ತು.

ಕೊನೆಗೆ ಹಜ್ಜಿ ಕೇಳಿದರು: “ಆ ಹಿಂದಿ ಎಲ್ಲಿ?”

“ಅವನು ಬೇರೆ ಕೆಲಸದಲ್ಲಿದ್ದಾನೆ ಹಜ್ಜಿ.”

“ಅವನನ್ನು ಕರೆಯಿರಿ. ಅವನಿಗೆ ಗೊತ್ತು.”

ಅದಾದ ಮೇಲೆ ಉಳಿದದ್ದನ್ನು ನಾನು ನೆಟ್ಟಗೆ ಕೇಳಿಸಿಕೊಳ್ಳಲಿಲ್ಲ. ಮೂವತ್ತರಲ್ಲಿ ಹದಿನಾಲ್ಕು ಬಂತು, ಹತ್ತರಲ್ಲಿ ನಾಲ್ಕು. ಚಿಕ್ಕ ಪರೀಕ್ಷೆಯೂ ದೊಡ್ಡದೂ ಒಂದೇ ಮಾತು ಹೇಳಿದವು ಎಂದು ಡಾಕ್ಟರು ಆಮೇಲೆ ತೋರಿಸಿದರು. ಅವರಿಗೆ ಅದೊಂದು ಖುಷಿ. ಗಡಿಬಿಡಿಯ ದಿನ ಚಿಕ್ಕದು ಸಾಕು ಎಂದು ಗೊತ್ತಾಯಿತಲ್ಲ.

ನಾನು ಬಿಟ್ಟುಕೊಡಲಿಲ್ಲ. “ಡಾಕ್ಟ್ರೇ, ಮಗ ಕೇಳಿದ್ದು ವಾರ ಗೊತ್ತುಂಟಾ ಎಂದಲ್ಲ. ಮರ ಹತ್ತಬಹುದಾ ಎಂದು. ಮರಕ್ಕೆ ವಾರ ಯಾಕೆ? ಕೂಜೆ ಯಾಕೆ? ಹಗ್ಗ ಕೊಟ್ಟು ನೋಡಿ. ಆ ಕೈ ಐವತ್ತು ಅರುವತ್ತು ವರ್ಷ ಆ ಕುಣಿಕೆ ಸಿಕ್ಕಿಸಿದೆ.”

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಇದು ಯಾವ ಪುಸ್ತಕದಲ್ಲೂ ಇಲ್ಲ,” ಎಂದರು. ಮತ್ತೆ, “ನೋಡುವ.”

ಆಸ್ಪತ್ರೆಯ ಹಿಂದೆ, ಆಂಬುಲೆನ್ಸ್ ನಿಲ್ಲಿಸುವ ಜಾಗದ ಪಕ್ಕ ಒಂದು ಖರ್ಜೂರದ ಮರ ಇತ್ತು. ಯಾರೂ ನೋಡಿಕೊಳ್ಳದ ಮರ, ಒಣಗಿದ ಗರಿಗಳು ಸೊಂಟದ ಸುತ್ತ ನೇತಾಡುತ್ತಿದ್ದವು. ಮಗ ಪಿಕಪ್ಪಿನಿಂದ ಹಗ್ಗ ತಂದ. ಹಗ್ಗ ನೋಡಿದ ಕೂಡಲೇ ಹಜ್ಜಿಯ ಮುಖವೇ ಬೇರೆಯಾಯಿತು. ಮರದ ಸುತ್ತ ಒಂದು ಸುತ್ತು ಬಂದರು. “ಇದನ್ನು ಸಾಕಿದವನು ಮನುಷ್ಯನಾ, ಒಂಟೆಯಾ?” ಎಂದು ಬೈದರು. ಕೋಟು ತೆಗೆದು ಮಗನ ಕೈಗೆ ಕೊಟ್ಟರು, ತೋಬಿನ ತುದಿ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು.

ಹತ್ತುವುದು ಬೇಡ, ಕಟ್ಟಿ ತೋರಿಸಿದರೆ ಸಾಕು ಎಂದು ನಾನು ಹೇಳಿದೆ. ಪಟ್ಟಿ ಬೆನ್ನಿಗೆ, ಹಗ್ಗ ಮರಕ್ಕೆ, ತುದಿ ಕುಣಿಕೆಗೆ. ಮೂರು ಉಸಿರಿನ ಕೆಲಸ. ಹಿಂದಕ್ಕೆ ವಾಲಿ ಒಂದು ಕಾಲನ್ನು ಕಾಂಡಕ್ಕೆ ಊರಿದರು. ಬಿಚ್ಚಿ ಪುನಃ ಕಟ್ಟಿದರು. ಮೂರನೆಯ ಸಲವೂ ತಪ್ಪಲಿಲ್ಲ. ನಾನು ಡಾಕ್ಟರ ಮುಖ ನೋಡಿದೆ. ನನ್ನ ಎದೆ ಎಷ್ಟು ಉಬ್ಬಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಐದನೇ ಕ್ಲಾಸಿನವನ ಪರೀಕ್ಷೆ, ಇಂಗ್ಲಿಷ್ ಕಾಗದದ ಪರೀಕ್ಷೆಗಳನ್ನು ಸೋಲಿಸಿತ್ತು.

“ಚಂದ,” ಎಂದರು ಡಾಕ್ಟರು. “ತೋಟದಲ್ಲಿ ಅವರು ಹತ್ತುವಾಗ ಯಾರೂ ಮಾತಾಡಿಸುವುದಿಲ್ಲವಾ?”

“ಮಾತಾಡದೆ? ಕೆಳಗೆ ಯಾವಾಗಲೂ ಒಬ್ಬ ಇರುತ್ತಾನೆ. ಮಾತು, ಹಾಡು, ಬೈಗುಳ ಎಲ್ಲ ಇರುತ್ತದೆ.”

“ಹಾಗಾದರೆ ಇನ್ನೊಂದು ಸಲ ಕಟ್ಟಲಿ. ನೀನು ಮಾತಾಡಿಸು, ಯಾವಾಗಲೂ ಮಾತಾಡಿಸುವ ಹಾಗೆ. ಆದರೆ ಅವರ ಹಿಂದೆ ನಿಂತುಕೋ.”

ಹಿಂದೆ ನಿಂತೆ. ಹಜ್ಜಿ ಪಟ್ಟಿ ಬೆನ್ನಿಗೆ ತಂದರು. “ಹಜ್ಜಿ, ನಿಮ್ಮ ಬಾವಿ ಪಕ್ಕದ ಗಂಡು ಮರ ಈ ವರ್ಷ ಹೇಗೆ ಹೂ ಬಿಟ್ಟಿದೆ?” ಎಂದು ಕೇಳಿದೆ. ಆ ಮರ ಅವರಿಗೆ ಮಗನಿಗಿಂತ ಹೆಚ್ಚು. ಹಜ್ಜಿಗೆ ಉಲ್ಲಾಸ ಬಂತು. ಅದರ ಹೂವಿನ ಹಿಟ್ಟು ಹೇಗೆ ಬೆಳ್ಳಗೆ, ಹೇಗೆ ಘಮ್ಮೆನ್ನುತ್ತದೆ, ನೆರೆಯವರು ಹೇಗೆ ಕದ್ದು ಒಯ್ಯುತ್ತಾರೆ ಎಂದು ಹೇಳುತ್ತಾ ಹಗ್ಗವನ್ನು ಮರಕ್ಕೆ ಸುತ್ತಿದರು. ಮರದ ತುದಿ ತೋರಿಸಲು ಬಲಗೈ ಎತ್ತಿದರು. ಹಗ್ಗದ ತುದಿ ಹೆಗಲ ಮೇಲೆ ಉಳಿಯಿತು. “ಅಷ್ಟು ಎತ್ತರದಲ್ಲಿ ಐದು ಗೊನೆ ಹಿಂದಿ, ಐದು!” ಎನ್ನುತ್ತಾ ಕಾಲು ಕಾಂಡಕ್ಕೆ ಊರಿ ಹಿಂದಕ್ಕೆ ವಾಲಿದರು.

ನನ್ನ ಎರಡೂ ಅಂಗೈ ಅವರ ಬೆನ್ನಿಗೆ ತಾಗಿದವು. ಕೃಶ ಮನುಷ್ಯ ಎಂದುಕೊಂಡಿದ್ದೆ. ನನ್ನ ಕಾಲು ಒಂದು ಹೆಜ್ಜೆ ಹಿಂದೆ ಹೋಗುವಷ್ಟು ಭಾರ ಇದ್ದರು. ಮಗನ ಬಾಯಿಂದ ‘ಯಾ ಅಲ್ಲಾಹ್’ ಎಂದು ಬಂತು.

ಹಜ್ಜಿ ನೆಟ್ಟಗೆ ನಿಂತರು. ಹೆಗಲ ಮೇಲಿನ ತುದಿಯನ್ನು ಕೈಯಲ್ಲಿ ಹಿಡಿದರು. ಸೊಂಟದ ಹತ್ತಿರ ಖಾಲಿ ತೂಗುತ್ತಿದ್ದ ಕುಣಿಕೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ನಾನು ಇದನ್ನು ಸಿಕ್ಕಿಸಿದ್ದೆನಾ?”

‘ಸಿಕ್ಕಿಸಿದ್ದಿರಿ ಹಜ್ಜಿ, ಹಳೇ ಹಗ್ಗ, ಜಾರಿತು’ ಎಂಬ ಮಾತು ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅಷ್ಟು ಹೇಳಿದ್ದರೆ ಅವರು ನಂಬುತ್ತಿದ್ದರು, ನಗುತ್ತಿದ್ದರು, ಎರಡು ವಾರ ಕಳೆದು ಮರ ಹತ್ತುತ್ತಿದ್ದರು. ಡಾಕ್ಟರಿಗೆ ನಮ್ಮ ಮಾತು ಅರ್ಥವಾಗುತ್ತಿರಲಿಲ್ಲ. ಮಗ ನನ್ನ ಮುಖವನ್ನೇ ನೋಡುತ್ತಿದ್ದ.

“ಇಲ್ಲ ಹಜ್ಜಿ,” ಎಂದೆ. “ಸಿಕ್ಕಿಸಲಿಲ್ಲ.”

ಅವರು ತಲೆಯಾಡಿಸಿದರು. ಪಟ್ಟಿ ಬಿಚ್ಚಿದರು, ಹಗ್ಗವನ್ನು ಮೊಣಕೈಗೆ ಸುತ್ತಿ ಸುತ್ತಿ ಒಪ್ಪವಾಗಿ ಮಡಚಿದರು, ಮಗನ ಮುಂದೆ ಹಿಡಿದರು. “ಈ ವರ್ಷ ನೀನು ಹತ್ತು. ನಾನು ಕೆಳಗಿರುತ್ತೇನೆ.” ಮಗ ತಲೆ ತಗ್ಗಿಸಿ ಎರಡೂ ಕೈಯಲ್ಲಿ ತೆಗೆದುಕೊಂಡ. ಹಜ್ಜಿ ಅವನ ಹೊಟ್ಟೆಯನ್ನು ಬೆತ್ತದಿಂದ ಮೆಲ್ಲಗೆ ಚುಚ್ಚಿ ನನಗೆ ಹೇಳಿದರು: “ಹಗ್ಗ ಉದ್ದ ಮಾಡಿಸಬೇಕು ಹಿಂದಿ. ಇದು ಮರಕ್ಕೂ ಇವನಿಗೂ ಒಟ್ಟಿಗೆ ಸಾಲದು.”

ಡಾಕ್ಟರಿಗೆ ಏನೂ ಹೇಳುವ ಕೆಲಸ ಉಳಿಯಲಿಲ್ಲ.

ಅವರ ಪುಸ್ತಕದಲ್ಲಿ ಮಾತ್ರ ಬದಲಾವಣೆ ಆಯಿತು. ಎಡ ಪುಟದ ನನ್ನ ಮುದುಕರನ್ನೆಲ್ಲ ಒಬ್ಬೊಬ್ಬರಾಗಿ ಪುನಃ ಕರೆಸಿ ಕೇಳಬೇಕಾಯಿತು. ಎಲ್ಲ ಪರೀಕ್ಷೆಗಳ ಅಂಕದ ಪಕ್ಕ ಅವರು ಒಂದು ಹೊಸ ಗೀಟು ಎಳೆದು, ‘ಕೇಳಿದವರು ಯಾರು’ ಎಂದು ಬರೆದರು. ಅದರ ಪಕ್ಕ ಇನ್ನೊಂದು: ‘ಪೆನ್ಸಿಲ್ ಹಿಡಿದವರಾ’. ಮೂರರಲ್ಲಿ ಯಾವುದು ಒಳ್ಳೆಯದು ಎಂದು ಶುರುಮಾಡಿದ್ದು, ಕೊನೆಗೆ ಅಲ್ಲಿಗೆ ಬಂದು ನಿಂತಿತು. ನನಗೂ ಒಂದು ಮದ್ದು ಬರೆದುಕೊಟ್ಟರು. ಪ್ರಶ್ನೆ ಇದ್ದದ್ದು ಇದ್ದ ಹಾಗೆ ಕೇಳುವುದು, ಕೇಳಿದ ಕೂಡಲೇ ಒಂದು ಖರ್ಜೂರ ಬಾಯಿಗೆ ಹಾಕಿಕೊಳ್ಳುವುದು, ಬೀಜ ಹೊರಗೆ ಬರುವ ತನಕ ಮಾತಿಲ್ಲ, ಕೈ ಎರಡೂ ತೊಡೆಯ ಕೆಳಗೆ. ತಮಾಷೆಗೆ ಹೇಳಿದ್ದಿರಬೇಕು. ನಾನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಒಂದು ತಟ್ಟೆ ಬಂತು. ನನ್ನ ಅಂಗಿಯ ಕಿಸೆಯಲ್ಲಿ ಬೀಜ ಸಿಕ್ಕಿ ರೂಮಿನವರು, “ಆಸ್ಪತ್ರೆಯಲ್ಲಿ ನಿನಗೆ ತಿನ್ನುವುದೇ ಕೆಲಸವಾ ಮಾರಾಯ?” ಎಂದು ಆಡಿಕೊಂಡರು. ಒಂದು ಖರ್ಜೂರ ಕರಗುವಷ್ಟು ಹೊತ್ತು ಕೊಟ್ಟರೆ ಎಷ್ಟೋ ಮುದುಕರು ಯಾರ ಸಹಾಯವೂ ಇಲ್ಲದೆ ಸರಿಯಾದ ಉತ್ತರಕ್ಕೆ ಬರುತ್ತಿದ್ದರು. ಅದನ್ನು ನೋಡಿ ನನಗೆ ಆಶ್ಚರ್ಯ. ನಾನು ಅಷ್ಟು ದಿನ ಅವರಿಗೆ ಆ ಹೊತ್ತನ್ನೂ ಕೊಟ್ಟಿರಲಿಲ್ಲ.

ಹೂವಿನ ಕಾಲದಲ್ಲಿ ಒಂದು ಶುಕ್ರವಾರ ಹಜ್ಜಿಯ ತೋಟಕ್ಕೆ ಹೋದೆ. ಮಗ ಮರದ ಮೇಲಿದ್ದ, ಹೊಸ ಹಗ್ಗ, ಬೆವರು ಇಳಿಯುತ್ತಿತ್ತು. ಕೆಳಗೆ ಚಾಪೆಯ ಮೇಲೆ ಹಜ್ಜಿ. “ಆ ಗೊನೆ ಅಲ್ಲ ಕತ್ತೆ, ಅದರ ಹಿಂದಿನದು! ಅದು ಇನ್ನೂ ತೆರೆದಿಲ್ಲ, ನಾಳೆಗೆ ಬಿಡು!” ಎಂದು ಕೂಗುತ್ತಿದ್ದರು. ಒಂದು ಗೊನೆಯೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ನನಗೆ ಕಾಫಿ ಬಗ್ಗಿಸಿ ಕೊಟ್ಟರು, ಲೋಟ ಖಾಲಿ ಇರಲಿಲ್ಲ.

“ಇವತ್ತು ಯಾವ ವಾರ ಹಿಂದಿ?”

“ಶುಕ್ರವಾರ ಹಜ್ಜಿ.”

ಮೇಲಿನಿಂದ ಹೂವಿನ ಹಿಟ್ಟು ಉದುರಿ ಕಾಫಿಯ ಮೇಲೆ ಬಿತ್ತು. ಹಜ್ಜಿ ಅದನ್ನು ಬೆರಳಿನಿಂದ ತೆಗೆದರು, ಮಗನಿಗೆ ಇನ್ನೊಂದು ಸಲ ಬೈದರು, ನನ್ನ ಕಡೆ ತಿರುಗಿದರು.

“ಇವತ್ತು ಯಾವ ವಾರ?”

ಅಲ್ಲಿ ಕಾಗದ ಇರಲಿಲ್ಲ, ಡಾಕ್ಟರು ಇರಲಿಲ್ಲ. ಬಾಯಲ್ಲಿದ್ದ ಖರ್ಜೂರವನ್ನು ಕೆನ್ನೆಗೆ ಸರಿಸಿ, ಮೊದಲ ಸಲ ಕೇಳಿದ ಹಾಗೆ ಹೇಳಿದೆ:

“ಶುಕ್ರವಾರ ಹಜ್ಜಿ.”